ಸೋದರತ್ತೆಯ ಅಡ್ಡಹೆಸರು

ಒದ್ದೆ ಉಣ್ಣೆಯ ವಾಸನೆ ಎಲ್ಲರಿಗೂ ಹಿಡಿಸುವಂಥದ್ದಲ್ಲ. ಮೊನ್ನೆ ಶುಕ್ರವಾರ ಚಳಿಗಾಲದ ಹೊದಿಕೆಗಳನ್ನೆಲ್ಲ ಕಟ್ಟಿಡುವ ಮೊದಲು ಆ ಬೂದುಬಣ್ಣದ ಕಂಬಳಿಯನ್ನು ಬಾತ್‌ಟಬ್ಬಿನಲ್ಲಿ ನೆನೆಹಾಕಿದ್ದೆ. ಮಗಳು ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಂಡು, "ಅಮ್ಮಾ, ಇಟ್ ಸ್ಮೆಲ್ಸ್ ಲೈಕ್ ಅ ವೆಟ್ ಶೀಪ್" ಅಂದಳು. ಕುರಿಯ ಮೈಮೇಲಿಂದ ಬಂದದ್ದು ಕುರಿಯ ವಾಸನೆ ಬೀರದೆ ಊದಿನಕಡ್ಡಿಯ ವಾಸನೆ ಬೀರುತ್ತದೆಯೇ ಎಂದು ಗದರಿಸಿ ಕಳಿಸಿದೆ. ಅವಳು ಹೋದ ಮೇಲೆ ಟಬ್ಬಿನ ಅಂಚಿನಲ್ಲಿ ಕುಳಿತು ನಾನೇ ಇನ್ನೊಮ್ಮೆ ಆ ವಾಸನೆಯನ್ನು ಉಸಿರಿನೊಳಗೆ ಎಳೆದುಕೊಂಡೆ. ಎದುರುಬಾಗಿಲ ಮಿಸ್ ನೆನಪಾದರು...

ಈ ಕೊಲ್ಲಿ ದೇಶದ ಅಬು ಹಲೀಫಾದ ಇದೇ ಕಟ್ಟಡದಲ್ಲಿ, ಇದೇ ಮಹಡಿಯಲ್ಲಿ, ನಮ್ಮ ಬಾಗಿಲಿಗೆ ನೇರ ಎದುರಿಗೆ ಅವರ ಮನೆಯಿತ್ತು. ಖೈತಾನಿನ ಒಂದು ಭಾರತೀಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಹಾಗಾಗಿ ಕಟ್ಟಡ ಕಾಯುವವನಿಂದ ಹಿಡಿದು ಕೆಳಗಿನ ಅಂಗಡಿಯವನವರೆಗೆ ಎಲ್ಲರಿಗೂ ಅವರು ಮಿಸ್. ಮದುವೆಯಾಗಿರಲಿಲ್ಲ. ಶುಐಬಾ ಬಂದರಿನಲ್ಲಿ ಕೆಲಸಕ್ಕಿದ್ದ ಅಣ್ಣನ ಜೊತೆ ಈ ದೇಶಕ್ಕೆ ಬಂದವರು, ಅಣ್ಣ ತೀರಿಕೊಂಡ ಮೇಲೂ ಇಲ್ಲೇ ಉಳಿದಿದ್ದರು. ನಾನು ಮದುವೆಯಾಗಿ ಹೊಸದಾಗಿ ಬಂದಾಗ, ಬೆಳ್ಳಗಿನ ಮೈಬಣ್ಣ, ಕತ್ತರಿಸಿದ ನರೆಗೂದಲು, ಹೂವಿನ ಫ್ರಾಕು, ಇವನ್ನೆಲ್ಲ ನೋಡಿ ಗಾಬರಿಯಾಗಿದ್ದೆ. ಲಿಫ್ಟಿನಲ್ಲಿ ಎದುರಾದರೆ ಹೇಳಲೆಂದು ನಾಲ್ಕು ಇಂಗ್ಲಿಷ್ ವಾಕ್ಯ ಬಾಯಿಪಾಠ ಮಾಡಿಟ್ಟುಕೊಂಡಿದ್ದೆ. ಎದುರಾದರು. ನಾನು ಬಾಯಿ ತೆರೆಯುವ ಮೊದಲೇ, "ಯಾವೂರವಾ ನಿಂದು? ಊಟಾ ಆತೇನು?" ಅಂದರು. ನನ್ನ ಇಂಗ್ಲಿಷ್ ಅಲ್ಲೇ ಹೊಟ್ಟೆಯೊಳಗೆ ಇಳಿದುಹೋಯಿತು.

ಅವರು ಹುಬ್ಬಳ್ಳಿಯ ರೈಲ್ವೆ ಕಾಲೊನಿಯಲ್ಲಿ ಹುಟ್ಟಿ ಬೆಳೆದ ಆಂಗ್ಲೋ ಇಂಡಿಯನ್. ಅಪ್ಪ ರೈಲ್ವೆಯಲ್ಲಿ ಗಾರ್ಡು. ಮನೆಯಲ್ಲಿ ಇಂಗ್ಲಿಷ್, ಹೊರಗೆ ಅಪ್ಪಟ ಹುಬ್ಬಳ್ಳಿ ಕನ್ನಡ. ಮೀನು ಮಾರುವವನ ಜೊತೆ ಅರಬಿಯಲ್ಲಿ ಜಗಳ ಶುರು ಮಾಡಿದರೂ ಮುಗಿಸುತ್ತಿದ್ದದ್ದು ಕನ್ನಡದಲ್ಲೇ. ಬಾಗಿಲ ಮೇಲೆ ಹಿತ್ತಾಳೆಯ ಒಂದು ಫಲಕ, ಅದರ ಮೇಲೆ ಅಡ್ಡಹೆಸರು ಮಾತ್ರ: ವಾಕರ್. ಆ ಹೆಸರಿನ ವಿಸ್ಕಿಯ ಶೀಷೆಯೊಂದು ಜಗತ್ತಿಗೆಲ್ಲ ಗೊತ್ತು, ಈ ದೇಶದಲ್ಲಿ ಮಾತ್ರ ಸಿಗುವುದಿಲ್ಲ. ಹೊಸದಾಗಿ ಬಂದ ಗಂಡಸರೆಲ್ಲ ಆ ಫಲಕ ನೋಡಿ ಕಿಸಕ್ಕನೆ ನಗುತ್ತಿದ್ದರು. ಮಿಸ್ ತಾವೇ ಮುಂದಾಗಿ, "ಬರೇ ಬೋರ್ಡ್ ಐತಿ, ಒಳಗ ಏನೂ ಇಲ್ಲಪಾ" ಅಂದುಬಿಡುತ್ತಿದ್ದರು.

ನಮ್ಮ ಉತ್ತರ ಕರ್ನಾಟಕದವರ ಚಾಳಿ ನಿಮಗೆ ಗೊತ್ತಿರಬಹುದು. ಇಬ್ಬರು ಸೇರಿದರೆ ಮೊದಲು ಊರು ಕೇಳುತ್ತೇವೆ, ಆಮೇಲೆ ಅಡ್ಡಹೆಸರು. ಬೆಲ್ಲದ, ಮೆಣಸಿನಕಾಯಿ, ಬಡಿಗೇರ, ಕಮ್ಮಾರ, ಗಾಣಿಗೇರ... ಅದನ್ನು ಹೇಳಿಬಿಟ್ಟರೆ ನಮ್ಮ ಅಜ್ಜ ಏನು ಮಾರುತ್ತಿದ್ದ, ಏನು ಬಡಿಯುತ್ತಿದ್ದ, ಎಲ್ಲವನ್ನೂ ಬಾಯಿಬಿಟ್ಟು ಹೇಳಿದ ಹಾಗೆ. ನಾನೂ ಮಿಸ್‌ಗೆ ಕೇಳಿದೆ: ನಿಮ್ಮ ಅಡ್ಡಹೆಸರಿಗೆ ಏನು ಅರ್ಥ? ಅವರು ಕಾಯುತ್ತಿದ್ದವರ ಹಾಗೆ ಕಥೆ ಹೇಳಿದರು. ಅವರ ಮುತ್ತಜ್ಜನ ಅಪ್ಪ ಇಂಗ್ಲೆಂಡಿನಿಂದ ಬಂದು, ಅಳತೆಯ ಸರಪಳಿ ಹಿಡಿದು, ಹುಬ್ಬಳ್ಳಿಯಿಂದ ಲೋಂಡಾದವರೆಗೆ ಕಾಡಿನಲ್ಲಿ ನಡೆದು ರೈಲು ಹಳಿಗೆ ದಾರಿ ಗುರುತು ಮಾಡಿದನಂತೆ. ಅವನ ಹಿರಿಯರೂ ಹಾಗೆಯೇ ರಾಜರಿಗಾಗಿ ದೇಶ ಅಳೆದವರಂತೆ. "ನಾವು ನಡಿಯೋ ಮಂದಿವಾ" ಎಂದು ಎದೆ ಸೆಟೆಸಿ ಹೇಳುತ್ತಿದ್ದರು. ದಿನಾ ಸಂಜೆ ಕ್ಯಾನ್ವಾಸ್ ಬೂಟು ಹಾಕಿಕೊಂಡು ಕಡಲ ದಂಡೆಯುದ್ದಕ್ಕೂ ನಡೆದು ಬರುತ್ತಿದ್ದರು. ಗಾಳಿಯಲ್ಲಿ ಮರಳು ಎದ್ದ ದಿನವೂ ಬಿಡುತ್ತಿರಲಿಲ್ಲ. ಹೆಸರು ಉಳಿಸಬೇಕಲ್ಲ ಅನ್ನುತ್ತಿದ್ದರು.

ಆ ಕಂಬಳಿ ಅವರ ಅಪ್ಪನದು. ಗಾರ್ಡಿನ ಡಬ್ಬಿಯಲ್ಲಿ ಚಳಿಗೆ ಹೊದೆಯುತ್ತಿದ್ದದ್ದು. ಜೂನ್ ತಿಂಗಳಲ್ಲಿ ಶಾಲೆಗೆ ರಜೆ ಬಿಟ್ಟ ಮೊದಲ ವಾರ ಮಿಸ್ ಅದನ್ನು ಟಬ್ಬಿಗೆ ಹಾಕಿ, ಸೋಪಿನ ಪುಡಿ ಸುರಿದು, ಫ್ರಾಕನ್ನು ಮೊಣಕಾಲಿನ ಮೇಲೆ ಎತ್ತಿ ಸಿಕ್ಕಿಸಿ, ಒಂದು ಕೈಯಲ್ಲಿ ನಲ್ಲಿ ಹಿಡಿದು ತುಳಿಯುತ್ತಿದ್ದರು. ಅವರ ಅವ್ವ ಹಾಗೆಯೇ ತುಳಿಯುತ್ತಿದ್ದರಂತೆ, ಅವ್ವನ ಅತ್ತೆಯೂ ಹಾಗೆಯೇ. ಹಿಂಡಲು ಇನ್ನೊಂದು ಜೋಡಿ ಕೈ ಬೇಕು, ನನ್ನನ್ನು ಕರೆಯುತ್ತಿದ್ದರು. ಇಲ್ಲಿ ಜೂನಿನಲ್ಲಿ ನೀರು ಹೇಗಿರುತ್ತದೆ ಎಂದು ಕೇಳಬೇಡಿ. ಮಾಳಿಗೆ ಮೇಲಿನ ಟಾಕಿ ದಿನವಿಡೀ ಕಾದು, ತಣ್ಣೀರಿನ ನಲ್ಲಿಯಲ್ಲೇ ಸುಡುನೀರು ಬರುತ್ತದೆ. ಉಣ್ಣೆಯನ್ನು ಸುಡುನೀರಿನಲ್ಲಿ ತುಳಿದರೆ ಕುಗ್ಗುತ್ತದೆ ಎಂದು ನಾನು ಹೇಳಿದೆ. "ನನಗ ಕಲಸ್ತೀ ಏನ?" ಅಂದರು. ಕಂಬಳಿ ವರ್ಷದಿಂದ ವರ್ಷಕ್ಕೆ ಗಿಡ್ಡವಾಗಿ, ದಪ್ಪವಾಗಿ, ಚಾಪೆಯ ಹಾಗೆ ಬಿಗಿಯಾಗುತ್ತಾ ಹೋಯಿತು. ಚಳಿಗಾಲದಲ್ಲಿ ಕಾಲು ಹೊರಗೆ ಬರುತ್ತದೆ ಎಂದು ಅವರೇ ದೂರುತ್ತಿದ್ದರು; ತಪ್ಪೆಲ್ಲ ಈ ದೇಶದ ಹವಾದ್ದು.

ಇನ್ನು ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಬಾಗಿಲ ಮೇಲೂ ಒಂದು ಫಲಕವಿತ್ತು. ಅದರಲ್ಲಿ ನಮ್ಮವರ ಹೆಸರಿನ ಮುಂದೆ 'ಎಂ' ಎಂಬ ಒಂದೇ ಅಕ್ಷರ. ಎಂ ಅಂದರೆ ಮಡಿವಾಳರ. ನವಲಗುಂದದ ಕಡೆಯ ಒಂದು ಹಳ್ಳಿಯಲ್ಲಿ ಊರಿನ ಬಟ್ಟೆ ಒಗೆಯುತ್ತಿದ್ದ ಮನೆತನ. ನನ್ನ ತವರಿನದೂ ಅದೇ ಕಸುಬು. ಬೆಳಗಾವಿ ಕಡೆಯವರಾದ್ದರಿಂದ ನಮಗೆ ಪರೀಟ ಎಂಬ ಹೆಸರು. ಇನ್ನೊಂದು ಕಡೆ ಹೋದರೆ ಅಗಸರ ಅನ್ನುತ್ತಾರೆ. ನಾನು ನನ್ನ ಅಡ್ಡಹೆಸರನ್ನು ಯಾರ ಮುಂದೆಯೂ ಮುಚ್ಚಿಟ್ಟವಳಲ್ಲ. ಆದರೆ ನಮ್ಮವರು ಧಾರವಾಡದ ಹಾಸ್ಟೆಲಿನಲ್ಲಿ ಓದುವಾಗ ಹುಡುಗರು ತಮ್ಮ ಕೊಳೆ ಅಂಗಿಗಳನ್ನು ಇವರ ಮಂಚದ ಮೇಲೆ ಎಸೆದು ಹೋಗುತ್ತಿದ್ದರಂತೆ, ನಗುನಗುತ್ತಲೇ. ಆಗ ತುಂಡು ಮಾಡಿದ ಹೆಸರು. ಶುಐಬಾದ ಕಾರ್ಖಾನೆಯಲ್ಲಿ ಒಳ್ಳೆಯ ಟೆಕ್ನಿಷಿಯನ್ ಅನ್ನಿಸಿಕೊಂಡ ಮೇಲೂ ಆ ಎಂ ಬೆಳೆಯಲಿಲ್ಲ.

ಅದರಿಂದ ಆದ ಫಜೀತಿ ನಮ್ಮ ಕಡೆಯವರಿಂದ ಮಾತ್ರ ಆಗಬಹುದಾದದ್ದು. ಇವರ ಜೊತೆ ಕೆಲಸ ಮಾಡುತ್ತಿದ್ದ ಬಾಗಲಕೋಟೆ ಕಡೆಯ ಎಂಜಿನಿಯರ್ ಅಣ್ಣ ಒಬ್ಬರು ಆ ಎಂ ನೋಡಿ ತಮ್ಮಷ್ಟಕ್ಕೆ ತಾವೇ ಮಠ ಎಂದು ತಿಳಿದುಕೊಂಡರು. ಹಿರೇಮಠ, ಚಿಕ್ಕಮಠ ಎಂದೆಲ್ಲ ಇರುತ್ತದಲ್ಲ, ಪೂಜೆ ಮಾಡಿಸುವ ಜಂಗಮರ ಮನೆತನ, ಅದು. ಹೊಸ ಮನೆ ಹಿಡಿದು ಹಾಲು ಉಕ್ಕಿಸುವ ದಿನ ನಮ್ಮನ್ನು ಕರೆದು, "ಅಯ್ನೋರ, ಮಣಿ ಮ್ಯಾಲ ಕುಂದರ್ರಿ, ಪೂಜಿ ನೀವಽ ಮಾಡ್ರಿ" ಎಂದು ಇವರ ಕೈಹಿಡಿದು ಎಳೆದರು. ಅವರ ಹೆಂಡತಿ ತಂಬಿಗೆಯಲ್ಲಿ ಪಾದ ತೊಳೆಯಲು ನೀರು ತಂದರು. ನಮ್ಮವರು ಹೊಟ್ಟೆನೋವಿನ ನೆಪ ಹೇಳಿ ಎದ್ದು ಬಂದರು. ಆದರೆ ಅಲ್ಲಿಂದ ಮುಂದೆ ಆ ಗುಂಪಿಗೆಲ್ಲ ಇವರು ಅಯ್ನೋರು. ದಾರಿಯಲ್ಲಿ ನನಗೆ ನಗು ತಡೆಯಲಾಗಲಿಲ್ಲ. ಇವರ ಮುಖ ಮಾತ್ರ ಬಾಡಿಹೋಗಿತ್ತು.

ಆಗ ನಾನು ಬಸುರಿ. ಅವತ್ತೇ ಇವರು ನಿರ್ಧಾರ ಮಾಡಿಬಿಟ್ಟರು. ಹುಟ್ಟುವ ಮಗುವಿಗೆ ಅಡ್ಡಹೆಸರೇ ಬೇಡ, ಎಂ ಕೂಡ ಬೇಡ, ಪಾಸ್‌ಪೋರ್ಟಿಗೆ ಬರೀ ಹೆಸರು ಕೊಡೋಣ. ನಾನು ಒಪ್ಪಲಿಲ್ಲ. ನನ್ನ ಮಾವ ಬಟ್ಟೆ ಬೇಯಿಸುವ ಉಬ್ಬೆಯ ಬಿಸಿಗೆ ಅಂಗೈ ಸುಟ್ಟುಕೊಂಡು ಮಗನನ್ನು ಓದಿಸಿದವರು. ಅವರ ಮೊಮ್ಮಗುವಿಗೆ ಅವರ ಹೆಸರಿನ ಒಂದು ಅಕ್ಷರವೂ ಬೇಡವೇ? ಇವರು, "ಆ ಅಂಗಿಗಳು ನಿನ್ನ ಮಂಚದ ಮೇಲೆ ಬಿದ್ದಿರಲಿಲ್ಲ" ಅಂದರು. ಜಗಳ ಹಾಗೆಯೇ ನಿಂತಿತು. ಮಗು ಹುಟ್ಟುವಷ್ಟರಲ್ಲಿ ಇದು ತೀರ್ಮಾನವಾಗಲೇಬೇಕಿತ್ತು.

ಅಂಥದ್ದರಲ್ಲಿ ಒಂದು ಬೆಳಿಗ್ಗೆ, ನಾನು ರೊಟ್ಟಿ ಬಡಿಯುತ್ತಿದ್ದಾಗ, ಮಿಸ್ ಅಡುಗೆಮನೆಗೆ ಬಂದು ಕುರ್ಚಿಯ ಮೇಲೆ ಕುಸಿದರು. ಆಸ್ಟ್ರೇಲಿಯಾದಲ್ಲಿದ್ದ ಅವರ ಅಣ್ಣನ ಮಗಳು ಫೋನ್ ಮಾಡಿದ್ದಳಂತೆ. ಅವಳು ಮನೆತನದ ಮೂಲ ಹುಡುಕುತ್ತಿದ್ದವಳು, ಅಡ್ಡಹೆಸರಿನ ಅರ್ಥವನ್ನೂ ಹುಡುಕಿದ್ದಳು. ವಾಕರ್ ಅಂದರೆ ದೇಶ ಅಳೆಯುವವನಲ್ಲ, ದಾರಿ ನಡೆಯುವವನೂ ಅಲ್ಲ. ಹಿಂದಿನ ಕಾಲದ ಇಂಗ್ಲೆಂಡಿನಲ್ಲಿ ಮಗ್ಗದಿಂದ ಇಳಿಸಿದ ಉಣ್ಣೆಬಟ್ಟೆಯನ್ನು ತೊಟ್ಟಿಗೆ ಹಾಕಿ, ನೀರಿನ ಜೊತೆ ಜೇಡಿಮಣ್ಣು, ಹಳಸಿದ ಮೂತ್ರ ಎಲ್ಲ ಸುರಿದು, ಅದರೊಳಗೆ ನಿಂತು ದಿನವಿಡೀ ಕಾಲಿನಿಂದ ತುಳಿಯುವವನು. ಜಿಡ್ಡು ಹೋಗಿ ಬಟ್ಟೆ ಬಿಗಿಯಾಗಲೆಂದು. ನಿಂತಲ್ಲೇ ನಡೆಯುವ ಕೆಲಸ. ಇಂಗ್ಲೆಂಡಿನ ಬಡಗಣ ಸೀಮೆಯಲ್ಲಿ ಅವನನ್ನು ವಾಕರ್ ಅಂದರು. ಬೇರೆ ಸೀಮೆಗಳಲ್ಲಿ ಅದೇ ಕಸುಬಿನವನು ಫುಲ್ಲರ್ ಆದ, ಟಕ್ಕರ್ ಆದ.

"ಉಚ್ಚಿಯೊಳಗ ನಿಂತು ತುಳೀತಿದ್ರಂತವಾ" ಎಂದು ಮಿಸ್ ಹಣೆ ಒತ್ತಿಕೊಂಡರು. "ನಮ್ಮ ಡ್ಯಾಡಿ ಕೇಳಿದ್ರ ಎದಿ ಒಡಕೊಂಡು ಸಾಯ್ತಿದ್ರು. ಕಡೀಕ ನಾವು ಧೋಬಿಗಳೇನು?"

ಹೆಂಚಿನ ಮೇಲೆ ರೊಟ್ಟಿ ಸೀಯತೊಡಗಿತು. ಮಿಸ್‌ಗೆ ನಮ್ಮ ಎಂ ಏನೆಂದು ಗೊತ್ತಿರಲಿಲ್ಲ. ಕೇಳಿದಾಗಲೆಲ್ಲ ನಮ್ಮವರು ಮಾತು ತೇಲಿಸುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಹೇಳಿಯೇಬಿಟ್ಟೆ. "ಮಿಸ್, ಇವರ ಅಡ್ಡಹೆಸರು ಮಡಿವಾಳರ. ನನ್ನ ತವರಿನದು ಪರೀಟ. ಎರಡೂ ಕಡೆ ಧೋಬಿಗಳಽ. ಮದುವ್ಯಾಗ ಮದುಮಕ್ಕಳ ಕಾಲಾಗ ಮಡಿ ಅರಿವಿ, ನಡೆಮಡಿ, ಹಾಸೋರು ನಾವು. ನಾವು ಮಡಿ ಹಾಸಲಿಲ್ಲಂದ್ರ ಊರ ದೇವರು ಗುಡಿ ಬಿಟ್ಟು ಹೊರಗ ಬರಾಂಗಿಲ್ಲ. ನಿಮಗ ನಾಚಿಕಿ ಆದ್ರ ಆಗ್ಲಿ, ನಮ್ಮ ಮನ್ಯಾಗ ಕುಂತು ಆಗೋದು ಬ್ಯಾಡ."

ಅವರು ಎದ್ದು ನಿಂತರು. ಎದುರುಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಆಮೇಲೆ ಎಷ್ಟೋ ದಿನ ಅವರು ಸಂಜೆ ನಡೆಯಲು ಹೋದದ್ದನ್ನೂ ನಾನು ನೋಡಲಿಲ್ಲ. ನನಗೆ ಬೇಸರವಾಗಿತ್ತು, ಆದರೆ ಆಡಿದ ಮಾತಿಗಾಗಿ ಅಲ್ಲ. ಆ ಮಾತು ಇವತ್ತಿಗೂ ಸರಿಯೇ ಅನ್ನಿಸುತ್ತದೆ. ಬಸುರಿಗೆ ಹುಳಿ ತಿನ್ನಬೇಕೆನಿಸಿದಾಗ ಮಾವಿನಕಾಯಿ ಹುಡುಕಿ ತಂದುಕೊಡುತ್ತಿದ್ದವರು ಅವರೊಬ್ಬರೇ...

ಹೆಣ್ಣು ಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ಶುಕ್ರವಾರ ಬಂತು. ನಮ್ಮ ಕಡೆ ಮಗುವಿನ ಕಿವಿಯಲ್ಲಿ ಹೆಸರು ಕೂಗಬೇಕಾದವಳು ಸೋದರತ್ತೆ, ಅಂದರೆ ಅಪ್ಪನ ಅಕ್ಕನೋ ತಂಗಿಯೋ. ಅವಳು ಹೆಸರು ಕೂಗಿದ ಕೂಡಲೇ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ, ಅದು ಸಂಭ್ರಮ. ನನ್ನ ನಾದಿನಿ ಊರಿನಲ್ಲಿದ್ದಳು, ಬರುವ ಹಾಗಿರಲಿಲ್ಲ. ಮಿಸ್ ಜೊತೆ ಚೆನ್ನಾಗಿದ್ದ ದಿನಗಳಲ್ಲಿ, ಸೋದರತ್ತೆ ನೀವೇ ಆಗಬೇಕು ಎಂದು ನಾನು ಮಾತು ತೆಗೆದುಕೊಂಡಿದ್ದೆ. ಈಗ ಆ ಜಾಗ ಖಾಲಿ. ಬಾಗಲಕೋಟೆಯ ಅಣ್ಣ, ಅತ್ತಿಗೆ, ಇನ್ನೂ ನಾಲ್ಕಾರು ಮನೆಯವರು ಬಂದು ಕೂತಿದ್ದರು. ಗುಗ್ಗರಿ ಕುದಿದಿತ್ತು. ನಮ್ಮವರು ನನ್ನ ಕಿವಿಯಲ್ಲಿ, "ಬರೀ ಹೆಸರಷ್ಟೇ" ಎಂದು ಇನ್ನೊಮ್ಮೆ ಹೇಳಿದರು. ಹೆತ್ತ ಮೈ, ಮನೆ ತುಂಬ ಜನ. ನನಗೆ ವಾದ ಮಾಡುವ ಶಕ್ತಿ ಇರಲಿಲ್ಲ. ಸೋತೆ ಎಂದೇ ತಿಳಿದೆ.

ಆಗ ಬಾಗಿಲು ತಟ್ಟಿದರು. ಮಿಸ್. ಇಳಕಲ್ ಸೀರೆ ಉಟ್ಟಿದ್ದರು. ಅವರನ್ನು ಸೀರೆಯಲ್ಲಿ ನೋಡಿದ್ದು ಅದೇ ಮೊದಲು. ಸೆರಗು ಎಡಬಲ ಆಗಿತ್ತು, ಕಾಲಲ್ಲಿ ಅದೇ ಕ್ಯಾನ್ವಾಸ್ ಬೂಟು. "ಸೋದರತ್ತಿ ಬಂದಾಳ, ಒಳಗ ಕರೀತೀಯೋ ಇಲ್ಲೋ?" ಅಂದರು. ಎದ್ದು ಹೋಗಿ ಮಗುವನ್ನು ಅವರ ಕೈಗೆ ಕೊಟ್ಟೆ.

ಅತ್ತಿಗೆಗೆ ಇದು ಸರಿಕಾಣಲಿಲ್ಲ. ಫ್ರಾಕಿನ ಮಿಸ್ ಅಯ್ನೋರ ಮಗಳಿಗೆ ಸೋದರತ್ತೆ ಆಗುವುದು ಹೇಗೆ, ಕುಲವಾದರೂ ಕೂಡಬೇಕಲ್ಲ ಎಂದು ಮೆಲ್ಲಗೆ, ಎಲ್ಲರಿಗೂ ಕೇಳುವ ಹಾಗೆ ಅಂದರು. ಮಿಸ್ ಅವರ ಕಡೆ ತಿರುಗಿ, ತರಗತಿಯಲ್ಲಿ ಪಾಠ ಹೇಳುವ ದನಿಯಲ್ಲಿ, "ಕೂಡ್ತದರಿ. ನಮ್ಮ ಅಡ್ಡಹೆಸರಿನ ಅರ್ಥ ಬಟ್ಟಿ ತುಳದು ಮಡಿ ಮಾಡೋರು ಅಂತ. ಇವರದೂ ಅದಽ. ಇಂಗ್ಲೆಂಡಿನ್ಯಾಗ ವಾಕರ್, ನವಲಗುಂದದಾಗ ಮಡಿವಾಳರ" ಅಂದರು. ಆಮೇಲೆ ಬಗ್ಗಿ ಮಗುವಿನ ಕಿವಿಯಲ್ಲಿ ಕುರ್‌ರ್ ಎಂದು ಕೂಗಿ, ಹೆಸರು ಹೇಳಿ, ಅದರ ಹಿಂದೆಯೇ ಗಟ್ಟಿಯಾಗಿ ಮಡಿವಾಳರ ಎಂದೂ ಹೇಳಿದರು.

ಯಾರೂ ಬೆನ್ನಿಗೆ ಗುದ್ದಲಿಲ್ಲ. ನಾನು ನಮ್ಮವರ ಮುಖ ನೋಡಿದೆ. ರಕ್ತ ಇಳಿದು ಸುಣ್ಣದ ಹಾಗಾಗಿತ್ತು. ಬಾಗಲಕೋಟೆಯ ಅಣ್ಣ, "ಏನ್ರಿ ಅಯ್ನೋರ, ಇವರು ಏನ ಹೇಳಾಕತ್ತಾರ?" ಎಂದು ಕೇಳಿದರು. ಇವರು ಒಂದು ಗುಟುಕು ನೀರು ಕುಡಿದರು. ಆಮೇಲೆ, "ಖರೇ ಹೇಳಾಕತ್ತಾರ್ರಿ ಅಣ್ಣಾರ. ಅಯ್ನೋರು ಅಂದವರು ನೀವು, ನಾನಲ್ಲ. ನಾವು ಮಡಿವಾಳರು" ಅಂದರು. ತಲೆ ಎತ್ತಿಕೊಂಡೇ ಹೇಳಿದರು. ಮೊದಲ ಗುದ್ದು ಮಿಸ್ ಬೆನ್ನಿಗೆ ಬಿದ್ದದ್ದು ನನ್ನ ಕೈಯಿಂದ, ಬಾಣಂತಿಯ ಕೈಯಿಂದ. ಉಳಿದವರೂ ಎದ್ದು ಬಂದರು.

ಒಂದು ಮನೆಯವರು ತಮ್ಮ ಮಗುವಿಗೆ ಜ್ವರವೆಂದು ಊಟ ಮಾಡದೆ ಹೋದರು. ಆಮೇಲೆ ಅವರು ನಮ್ಮ ಮನೆಗೆ ಬರಲೇ ಇಲ್ಲ, ನಾವೂ ಕರೆಯಲಿಲ್ಲ. ಅತ್ತಿಗೆ ತಟ್ಟೆ ಮುಂದಿಟ್ಟುಕೊಂಡು ಗುಗ್ಗರಿ ಎಣಿಸುವವರ ಹಾಗೆ ತಿಂದರು. ಅಣ್ಣ ಮಾತ್ರ ಹೊಟ್ಟೆ ತುಂಬ ಉಂಡು, "ಮಡಿವಾಳರ, ಸಾರು ಬರ್ಲಿ ಇತ್ಲಾಗ" ಎಂದು ಕರೆದರು. ನಮ್ಮವರು ಸಾರಿನ ಪಾತ್ರೆ ಹಿಡಿದು ಹೋದದ್ದನ್ನು ನಾನು ಒಳಗಿನಿಂದ ನೋಡುತ್ತಿದ್ದೆ. ಪಾಸ್‌ಪೋರ್ಟಿಗೆ ಮಗಳ ಹೆಸರಿನ ಜೊತೆ ಮಡಿವಾಳರ ಎಂದೂ ಬರೆದು ಇವರು ಅರ್ಜಿ ಹಾಕಿ ಬಂದರು. ಅದೇ ದಿನ ಹೊಸ ನಾಮಫಲಕ ತಂದು ತಾವೇ ಸ್ಕ್ರೂ ತಿರುಗಿಸಿ ಹಾಕಿದರು, ಪೂರ್ತಿ ಹೆಸರಿನದು.

ತೊಟ್ಟಿಲ ದಿನ ಎಲ್ಲರೂ ಹೋದ ಮೇಲೆ ಮಿಸ್ ಸೋಫಾದ ಮೇಲೆ ಕಾಲು ಚಾಚಿ ಕೂತು ನನಗೆ ಹೇಳಿದ್ದರು. ನನ್ನ ಮಾತು ಅವರನ್ನು ಮಲಗಲು ಬಿಡಲಿಲ್ಲವಂತೆ. ಸಿಟ್ಟಿನಲ್ಲೇ ಇದ್ದರಂತೆ, ಆ ಕಂಬಳಿ ಕಣ್ಣಿಗೆ ಬೀಳುವವರೆಗೆ. ಬಿಸಿನೀರಿನಲ್ಲಿ ತುಳಿದು ತುಳಿದು ಉಣ್ಣೆಯನ್ನು ಗಾಳಿ ಹೋಗದಷ್ಟು ಬಿಗಿ ಮಾಡುವುದು. ಹಿರಿಯರು ಮಾಡುತ್ತಿದ್ದದ್ದು ಅದನ್ನೇ, ತಾವು ವರ್ಷ ವರ್ಷ ಜೂನಿನಲ್ಲಿ ಮಾಡುತ್ತಿದ್ದದ್ದೂ ಅದನ್ನೇ. "ಅವ್ವ ತುಳೀತಿದ್ಲು, ಅದು ಚಂದ ಇತ್ತು. ಹೆಸರಿಟ್ಟ ಕೂಡ್ಲೆ ಹ್ಯಾಂಗ ಹೊಲಸಾತು? ತಪ್ಪು ನಂದಽ ಐತಿವಾ" ಅಂದರು. ಆಮೇಲೆ, ತಮ್ಮ ಹಿರಿಯರು ತುಳಿಯುತ್ತಿದ್ದದ್ದು ಹೊಸ ಬಟ್ಟೆ, ನಮ್ಮ ಹಿರಿಯರು ಒಗೆಯುತ್ತಿದ್ದದ್ದು ಹಳೆಯದು, ಅಷ್ಟು ಫರಕಾದರೂ ಇರಲಿ ಎಂದು ಕಣ್ಣು ಮಿಟುಕಿಸಿದರು. ಮರುದಿನದಿಂದ ಕಡಲ ದಂಡೆಯ ನಡಿಗೆ ಮತ್ತೆ ಶುರುವಾಯಿತು.

ಮಗಳು ಶಾಲೆಗೆ ಸೇರುವ ಹೊತ್ತಿಗೆ ಅವರಿಗೆ ಶಾಲೆ ಮುಗಿದಿತ್ತು. ಕೆಲಸ ಮುಗಿದರೆ ಇಲ್ಲಿ ಇರುವ ಪರವಾನಗಿ, ಇಕಾಮಾ, ಮುಗಿಯಿತು, ಇಕಾಮಾ ಮುಗಿದರೆ ಈ ದೇಶವೂ ಮುಗಿಯಿತು. ಅಣ್ಣನ ಮಗಳ ಬಳಿಗೆ ಹೊರಟರು. ಹೋಗುವಾಗ ಕಂಬಳಿಯನ್ನು ಮಡಚಿ ನನ್ನ ಮಗಳ ತೋಳಿಗೆ ಹಾಕಿದರು. ಅಷ್ಟರಲ್ಲಿ ಅದು ದೊಡ್ಡವರಿಗೆ ಸಾಲದಷ್ಟು ಕುಗ್ಗಿತ್ತು, ಅವಳ ಮಂಚಕ್ಕೆ ಸರಿಯಾಗಿತ್ತು. ಸೋದರತ್ತೆಯ ಉಡುಗೊರೆ ಎಂದರು. ಹಿತ್ತಾಳೆಯ ಫಲಕವನ್ನು ಬಿಚ್ಚಿ ಪರ್ಸಿನಲ್ಲಿಟ್ಟುಕೊಂಡು ಹೋದರು. ಫೋನ್ ಮಾಡುತ್ತಿದ್ದರು, ಪ್ರತಿ ಸಲ ಮೊದಲು ಕೇಳುತ್ತಿದ್ದದ್ದು ಊಟ ಆಯಿತೇ ಎಂದು. ಆಮೇಲೆ ಫೋನ್ ಕಡಿಮೆಯಾಯಿತು... ಹೋದ ವರ್ಷ ಅಣ್ಣನ ಮಗಳು ಕಳಿಸಿದ ಸಂದೇಶದಿಂದ ಗೊತ್ತಾಯಿತು. ನಿದ್ದೆಯಲ್ಲೇ ಹೋದರಂತೆ. ನಾನು ಅವತ್ತು ಅಡುಗೆ ಮಾಡಲಿಲ್ಲ.

ಎದುರುಮನೆಯಲ್ಲಿ ಈಗ ಬೇರೆಯವರಿದ್ದಾರೆ. ಬಾಗಿಲ ಮೇಲೆ ನಾಲ್ಕು ಸ್ಕ್ರೂ ತೂತು ಹಾಗೆಯೇ ಇವೆ. ಕಂಬಳಿಯನ್ನು ನಾನು ಜೂನಿಗೆ ಬಿಡುವುದಿಲ್ಲ. ಮಾರ್ಚಿನಲ್ಲೇ, ತಣ್ಣೀರಿನ ನಲ್ಲಿಯಲ್ಲಿ ತಣ್ಣೀರೇ ಬರುವಾಗ ತೊಳೆಯುತ್ತೇನೆ. ಮೊನ್ನೆ ಗದರಿಸಿಕೊಂಡು ಹೋದ ಮಗಳು ಸ್ವಲ್ಪ ಹೊತ್ತಿಗೆ ಪ್ಯಾಂಟು ಮಡಚಿಕೊಂಡು ತಿರುಗಿ ಬಂದಳು. ಶಾಲೆಯಲ್ಲಿ ಹೊಸ ಟೀಚರ್ ಇವಳ ಅಡ್ಡಹೆಸರಿನ ಅರ್ಥ ಕೇಳಿದರಂತೆ, ಇವಳು ಹೇಳಿದಳಂತೆ. "ಐ ಟೋಲ್ಡ್ ಹರ್ ವಾಕರ್ ಈಸ್ ದ ಇಂಗ್ಲಿಷ್ ಫಾರ್ ಇಟ್" ಎಂದು ಟಬ್ಬಿಗೆ ಇಳಿದು, ಮಿಸ್ ಹಾಗೆಯೇ ಒಂದು ಕೈಯಲ್ಲಿ ನಲ್ಲಿ ಹಿಡಿದುಕೊಂಡು ತುಳಿಯತೊಡಗಿದಳು. ಹಾಗೆ ಹಿಡಿದುಕೊಳ್ಳಲು ಅವಳಿಗೆ ಯಾರೂ ಕಲಿಸಿರಲಿಲ್ಲ. ನಾನು ನೀರಿಗೆ ಬೆರಳು ಅದ್ದಿ ನೋಡಿದೆ, ತಣ್ಣಗಿತ್ತು. ಇನ್ನು ಒಂದು ಬೆರಳಿನಷ್ಟೂ ಅದು ಚಿಕ್ಕದಾಗುವುದು ನನಗೆ ಬೇಡ. ಮಿಸ್‌ದು ಅಂತ ನಮ್ಮ ಹತ್ತಿರ ಉಳಿದಿರುವುದು ಅಷ್ಟೇ.